ಮಾಳಿಗೆಯ ಮೇಲಿನ ಧ್ವಜ

“ಖರೇನ ಸುಟ್ಟಿ?”

“ಸುಟ್ಟೇನಿ.”

“ಧ್ವಜಾ ಸುಟ್ಟಿ?”

“ಎಷ್ಟ ಸಲ ಹೇಳಬೇಕಲೇ ನಿನಗ? ಹಿತ್ತಲದಾಗ ಸುಟ್ಟೇನಿ. ಬೂದಿ ಮಲ್ಲಿಗಿ ಬುಡಕ್ಕ ಹಾಕೇನಿ. ಹೋಗಿ ನೋಡು.”

ಸಿದ್ದಲಿಂಗ ಇಷ್ಟು ಹೇಳಿ ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಒತ್ತಿದ. ಅವನ ಮಗ ಚೇತನಕುಮಾರ ಪಡಸಾಲೆಯ ನಡುವೆ ನಿಂತಿದ್ದ. ಮುಂಜಾನೆ ಎದ್ದು ಮಾಳಿಗೆ ಹತ್ತಿದವನು ಬರೀ ಕೋಲು ನೋಡಿ ಕೆಳಗಿಳಿದು ಬಂದಿದ್ದ. ಕೋಲಿಗೆ ಸುತ್ತಿದ್ದ ತಂತಿಯನ್ನು ಯಾರೋ ಇಕ್ಕಳದಿಂದ ಕತ್ತರಿಸಿದ್ದರು. ಯಾರೋ ಏನು, ಅಪ್ಪನೇ.

“ಧ್ವಜಾ ಯಾರ ಸುಡತಾರ ಗೊತ್ತೈತೇನು? ಟಿವಿಯಾಗ ನೋಡೀಯಿಲ್ಲ? ದೇಶದ ವೈರಿಗೋಳು ಸುಡತಾರ.”

“ಹರದದ್ದನ್ನ ದೇಶದಾವ್ರೂ ಸುಡಬೇಕು. ತಿಪ್ಪಿಗೆ ಒಗೀಬಾರ್ದು, ನೆಲಾ ಒರಸಾಕ ತಗೋಬಾರ್ದು. ಬಾಗಲಾ ಹಾಕ್ಕೊಂಡು, ಮಂದಿಗೆ ಕಾಣದಂಗ, ಒಂದ ಎಳೀನೂ ಉಳೀದಂಗ ಸುಡಬೇಕು. ಸೇವಾದಳದಾಗ ನಮಗ ಹಂಗ ಕಲಿಸ್ಯಾರ.”

“ಕೈ ನಡಗಲಿಲ್ಲ?”

“ನಡಗಿದು. ಆರ ತಿಂಗಳ ಗಾಳಿ ಮಳಿಯಾಗ ಬಿಟ್ಟಾಗ ನಿನ್ನವು ನಡಗಿದ್ದಿಲ್ಲಲ್ಲ.”

ಇಂದುಬಾಯಿ ಒಲೆಯ ಮುಂದಿನಿಂದ ಕೂಗಿದಳು. “ಉಣ್ಣೂಮುಂದ ಯಾಕ ಬಡದಾಡ್ತೀರಿ? ಚೇತನಾ, ನೀ ಕುಂಡ್ರು. ರೊಟ್ಟಿ ಆರಾಕತ್ತೈತಿ.”

“ನನಗ ಬ್ಯಾಡ.”

“ಬ್ಯಾಡಂದ್ರ ಬಿಡು,” ಎಂದ ಸಿದ್ದಲಿಂಗ. “ಅವನ ರೊಟ್ಟೀನೂ ನನಗ ಹಾಕು.”

ಚೇತನ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಓಣಿಯ ಕಟ್ಟೆಗಳ ಮೇಲೆ ಹಲ್ಲುಜ್ಜುತ್ತ ಕೂತಿದ್ದ ಮಂದಿ ಅವನನ್ನು ನೋಡಿ ಉಜ್ಜುವುದು ನಿಲ್ಲಿಸಿದರು. ಸಿದ್ದಲಿಂಗ ಬಾಗಿಲು ಹಾಕಿಕೊಂಡು ಸುಟ್ಟದ್ದು ಯಾರಿಗೂ ಕಂಡಿರಲಿಲ್ಲ. ಬಾಗಿಲು ತೆರೆದಿಟ್ಟು ಜಗಳಾಡಿದ್ದು ಓಣಿಗೆಲ್ಲ ಕೇಳಿತ್ತು.

ಈ ಜಗಳಕ್ಕೆ ಬೇರು ಹಿಂದಿನದು. ಸಿಂದಗಿಯಿಂದ ಕನ್ನೊಳ್ಳಿ ಕಡೆ ಬರುವ ಬಸ್ಸು ಮುಟ್ಟುವ ಹಳ್ಳಿಗಳಲ್ಲಿ ಅವರದೂ ಒಂದು. ಸಿದ್ದಲಿಂಗ ಹುಡುಗನಾಗಿದ್ದಾಗ ಸೇವಾದಳದ ಶಿಬಿರಕ್ಕೆ ಹೋಗಿ ಧ್ವಜ ಕಟ್ಟುವುದು, ಏರಿಸುವುದು, ಇಳಿಸುವುದು, ಮಡಿಚುವುದು ಕಲಿತು ಬಂದಿದ್ದ. ಅಂದಿನಿಂದ ಊರ ಸಾಲೆಯಲ್ಲಿ ವರ್ಷಕ್ಕೆ ಎರಡು ಸಲ ಧ್ವಜ ಕಟ್ಟುವವನು ಅವನೇ. ಹಾರಿಸುವವರು ಬೇರೆ. ಪಂಚಾಯತಿಯವರೋ, ಸಿಂದಗಿಯಿಂದ ಬಂದ ಸಾಹೇಬರೋ ಹಗ್ಗ ಜಗ್ಗುತ್ತಿದ್ದರು, ಹೂವು ಉದುರುತ್ತಿದ್ದವು, ಮಂದಿ ಅವರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಸಿದ್ದಲಿಂಗ ಬಿಳಿ ಟೊಪಿಗೆ ಹಾಕಿಕೊಂಡು ಕಂಬದ ಹಿಂದೆ ನೆಟ್ಟಗೆ ನಿಂತಿರುತ್ತಿದ್ದ. ಆ ಎರಡು ದಿನ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಉಳಿದ ದಿನ ಎತ್ತೋ, ಹೆಂಡತಿಯೋ, ಮಗನೋ, ಕರೆಂಟಿನವನೋ, ಯಾರಾದರೊಬ್ಬರು ಬೈಸಿಕೊಳ್ಳಲೇಬೇಕು.

ಸಾಲೆಯ ಧ್ವಜ ಹಾರಿಸುವ ಹಿಂದಿನ ದಿನ ಅವರ ಮನೆಗೆ ಬರುತ್ತಿತ್ತು. ಇಂದುಬಾಯಿ ಅದನ್ನು ಅಂಟವಾಳದ ನೊರೆಯಲ್ಲಿ ತೊಳೆದು, ಹೊರಗಿನ ಹಗ್ಗಕ್ಕೆ ಸೀರೆ ಕುಬಸದ ಸಾಲಿಗೆ ಹಾಕದೆ, ಪಡಸಾಲೆಯೊಳಗೇ ಬೇರೆ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ತಾಮ್ರದ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡುತ್ತಿದ್ದಳು. ಅದು ಹಾರುವುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ಅವಳು ಮನೆಯಲ್ಲಿ ಗೋದಿ ಹುಗ್ಗಿ ತಿರುವುತ್ತಿರುತ್ತಿದ್ದಳು. ಧ್ವಜ ಹಾರಿಸಿದವರು ಉಣ್ಣಲು ಬರುತ್ತಿದ್ದುದು ಅವರ ಮನೆಗೇ.

ಆ ವರ್ಷ, ಎರಡು ಸಾವಿರದ ಎರಡರ ಜನವರಿಯಲ್ಲಿ, ಇನ್ನು ಮೇಲೆ ಯಾರ ಮನೆಯ ಮೇಲಾದರೂ ಯಾವ ದಿನವಾದರೂ ಧ್ವಜ ಹಾರಿಸಬಹುದು ಎಂಬ ಹೊಸ ನಿಯಮ ಬಂತು. ಚೇತನನಿಗೆ ಸಿಂದಗಿಯಲ್ಲಿ ಎಸ್‌ಟಿಡಿ ಅಂಗಡಿ ಇತ್ತು. ಊರಿನ ತರುಣ ಮಂಡಳಿಗೆ ಅವನು ಕಾರ್ಯದರ್ಶಿ. ಇಪ್ಪತ್ತಾರಕ್ಕೆ ಮಂಡಳಿಯ ಹುಡುಗರನ್ನೆಲ್ಲ ಕರೆದು, ಮಾಳಿಗೆಯ ಮೇಲೆ ಉದ್ದ ಕೋಲು ನೆಟ್ಟು ಧ್ವಜ ಏರಿಸಿದ. ಕಟ್ಟಿಕೊಟ್ಟವನು ಸಿದ್ದಲಿಂಗನೇ. ಅವತ್ತು ಅಪ್ಪ ಮಗ ಇಬ್ಬರೂ ಒಂದೇ ಗಂಗಾಳದಲ್ಲಿ ಉಂಡರು.

ಸಂಜೆಯಾದೊಡನೆ ಸಿದ್ದಲಿಂಗ ಏಣಿ ಹಚ್ಚಿದ.

“ಎಲ್ಲಿಗಪಾ?”

“ಹೊತ್ತ ಮುಳಗಾಕತ್ತೈತಿ. ಇಳಸ್ತೇನಿ.”

“ಇವತ್ತ ಏರಿಸಿದ್ದು ಇವತ್ತ ಇಳಸ್ತೀ?”

“ಕತ್ತಲದಾಗ ಇರಬಾರ್ದು ಅದು. ನಾಳಿ ಮುಂಜಾನೆ ಮತ್ತ ಏರಿಸೂಣು.”

ಕೆಲವು ದಿನ ಸಂಜೆ ಇಳಿಸುವುದು, ಮುಂಜಾನೆ ಏರಿಸುವುದು ನಡೆಯಿತು. ಮುಂಜಾನೆ ಒಮ್ಮೆ ಮೊಣಕಾಲು ಹಿಡಿದುಕೊಂಡು ಏಣಿ ಹತ್ತುವ ಮುದುಕನನ್ನು ನೋಡಿ ಮಂಡಳಿಯ ಹುಡುಗರು, “ಚೇತನಾ, ನಿಮ್ಮಪ್ಪ ಮಾಳಗಿ ಮ್ಯಾಲ ಕುಂಬಳ ಬಳ್ಳಿ ಹಬ್ಬಿಸ್ಯಾನೇನು?” ಎಂದು ನಕ್ಕರು. ಸಿದ್ದಲಿಂಗ ಹೊಲಕ್ಕೆ ಹೋದಾಗ ಚೇತನ ಮೇಲೆ ಹತ್ತಿ, ಧ್ವಜವನ್ನು ಕೋಲಿಗೆ ತಂತಿಯಿಂದ ಬಿಗಿದುಬಿಟ್ಟ. ಹಾರಿದ್ದು ಹಾರುತ್ತಲೇ ಇರಬೇಕು ಎಂದ.

ಬೇಸಿಗೆಯ ಗಾಳಿಗೆ ಹಸಿರು ಅಂಚು ಎಳೆಎಳೆಯಾಯಿತು. ಕೇಸರಿ ಬಿಸಿಲಿಗೆ ಬಿಳಿಚಿತು. ಮಳೆ ಶುರುವಾದ ಮೇಲೆ ಅದು ಹಾರುವುದನ್ನೂ ಬಿಟ್ಟು ಕೋಲಿಗೆ ಅಂಟಿಕೊಂಡಿತು. ಉಣ್ಣಲು ಕೂತಾಗಲೆಲ್ಲ ಅದೇ ಮಾತು.

“ಹೊಸಾದ ತರ್ತೇನಿ ಅಂದೇನಲ್ಲ,” ಎಂದು ಚೇತನ.

“ಯಾವಾಗ? ಬರೇ ಕೋಲ ಉಳದ ಮ್ಯಾಲ?”

“ದೇಶದ ಮ್ಯಾಲ ಪ್ರೀತಿ ಇದ್ದಾಂವ ಏರಸ್ತಾನ. ಇಳಸಾಕ ಯಾಕ ಇಷ್ಟ ಅವಸರ ನಿನಗ?”

ಸೊಸೆ ಭಾಗ್ಯಜ್ಯೋತಿ ಸಾರು ಬಡಿಸುತ್ತಿದ್ದಳು. ಬಸವನ ಬಾಗೇವಾಡಿ ತಾಲೂಕಿನವಳು. ಅವಳ ತವರಿನ ಹೊಲ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಹೋಗಿತ್ತು. “ನಮ್ಮಪ್ಪ ದೇಶಕ್ಕಂತ ಹೊಲಾನ ಕೊಟ್ಟ. ಮಾಳಗಿ ಮ್ಯಾಲ ಏನೂ ಏರಿಸ್ಲಿಲ್ಲ,” ಎಂದಳು.

“ನಿಮ್ಮಪ್ಪ ಕೊಟ್ಟನೋ, ಅವರ ಕಸಗೊಂಡ್ರೋ?” ಎಂದ ಚೇತನ.

“ಎರಡೂ,” ಎಂದಳು ಅವಳು. “ಸಾರ ಹಾಕಲೇನು?”

ಕಡೆಗೆ ಜುಲೈ ತಿಂಗಳಲ್ಲಿ, ಜಗಳದ ಹಿಂದಿನ ದಿನ ಮಧ್ಯಾಹ್ನ, ಮಗ ಸಿಂದಗಿಗೆ ಹೋದಾಗ, ಸಿದ್ದಲಿಂಗ ತಂತಿ ಕತ್ತರಿಸಿ ಧ್ವಜ ಇಳಿಸಿದ. ಇಂದುಬಾಯಿ ತೊಳೆದುಕೊಟ್ಟಳು. ಸುಡುವುದನ್ನು ಯಾಕೆ ತೊಳೆಯಬೇಕು ಎಂದು ಭಾಗ್ಯಜ್ಯೋತಿ ಕೇಳಿದ್ದಕ್ಕೆ, “ಹೆಣಾನೂ ತೊಳೀತಾರಲ್ಲವಾ,” ಎಂದಳು. ಕಡ್ಡಿಪೆಟ್ಟಿಗೆ ಕೊಟ್ಟವಳು ಭಾಗ್ಯಜ್ಯೋತಿ. ಸಿದ್ದಲಿಂಗ ಟೊಪಿಗೆ ಹಾಕಿಕೊಂಡು, ಬೆಂಕಿ ಆರುವ ತನಕ ಕೈ ಹಣೆಗೆ ಹಚ್ಚಿ ನಿಂತಿದ್ದ.

ಜಗಳದ ದಿನ ಸಂಜೆ ಮಂಡಳಿಯ ಹುಡುಗರು ಬಂದರು. ಮುಂದೆ ಅಧ್ಯಕ್ಷ ಬಸಂತರಾಯ. ಸಿದ್ದಲಿಂಗ ಹೊಲದಿಂದ ಇನ್ನೂ ಬಂದಿರಲಿಲ್ಲ.

“ಕೇಳಿದ್ದು ಖರೇ ಏನೋ ಚೇತನಾ?”

“ಏನ ಕೇಳಿದಿ?”

“ಏನಂತ ನನ್ನ ಬಾಯ್ಲೆ ಹೇಳಸಬ್ಯಾಡ. ಇದು ಕೇಸ ಆಗತೈತಿ. ಯಾರರೆ ಠಾಣೆಕ್ಕ ಹೋಗಿ ಹೇಳಿದ್ರ ಬೇಡಿ ಹಾಕ್ಕೊಂಡ ಒಯ್ತಾರ ನಿಮ್ಮಪ್ಪಗ.”

ಹರಿದಿತ್ತು, ಅದಕ್ಕೇ ಸುಟ್ಟ ಎನ್ನಬಹುದಿತ್ತು. ಹಾಗಂದರೆ ಹರಿಯಗೊಟ್ಟವನು ಯಾರು ಎಂಬ ಮಾತು ಬರುತ್ತಿತ್ತು. ಚೇತನ ತಲೆ ತುರಿಸಿಕೊಂಡ.

“ಈಗೀಗ ನಮ್ಮಪ್ಪಂದು ತಲಿ ಸರಿ ಇಲ್ಲೋ ಬಸು. ಏನ ಮಾಡಾಕತ್ತೇನಿ ಅಂಬೂದು ಅವಗ ತಿಳ್ಯೂದಿಲ್ಲ. ಮಂದಿ ಮುಂದ ಹ್ಯಾಂಗ ಹೇಳೂದಂತ ಸುಮ್ಮಿದ್ದೆ. ಬೇಕಾದ್ರ ಅವ್ವನ್ನ ಕೇಳು.”

ಇಂದುಬಾಯಿ ಚಹಾದ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲರೂ ಅವಳ ಕಡೆ ನೋಡಿದರು.

“ಹೌದೇನ ಚಿಗವ್ವಾ?”

“ಹೂಂಪಾ,” ಎಂದಳು ಇಂದುಬಾಯಿ. “ವಯಸ್ಸಾತಲ್ಲ.”

ಹುಡುಗರ ಸಿಟ್ಟು ಇಳಿಯಿತು. ಚಹಾ ಕುಡಿದರು. ವಿಜಾಪುರದಲ್ಲಿ ಒಬ್ಬ ಚಲೋ ಡಾಕ್ಟರು ಇದ್ದಾರೆ ಎಂದು ಒಬ್ಬ ಹೇಳಿದ. ಅವರು ಹೋದ ಮೇಲೆ ಭಾಗ್ಯಜ್ಯೋತಿ ಕಪ್ಪು ತೊಳೆಯುತ್ತ, “ಅತ್ತೀ, ಮಾವಾರಿಗೆ ಗೊತ್ತಾದ್ರ?” ಎಂದಳು.

“ಬೇಡಿ ಹಾಕೂದಕಿಂತ ಇದ ಚಲೋ. ನೀ ಬಾಯಿ ಮುಚ್ಚು.”

ಮರುದಿನದಿಂದ ಊರು ಸಿದ್ದಲಿಂಗನನ್ನು ಮೆತ್ತಗೆ ಮಾತಾಡಿಸತೊಡಗಿತು. ನಬಿಸಾಬನ ಚಹಾದಂಗಡಿಯಲ್ಲಿ ಅವನು ಎಂದಿನಂತೆ, “ಇದೇನ ಚಹಾನೋ, ಎಮ್ಮಿ ಮೈ ತೊಳದ ನೀರೋ?” ಎಂದು ಶುರು ಮಾಡಿದ. ಬೇರೆ ದಿನವಾಗಿದ್ದರೆ ನಬಿಸಾಬ, “ಕುಡ್ಯಾವ್ರ ಬಾಯಿ ಹಂಗೈತಿ,” ಎನ್ನುತ್ತಿದ್ದ. ಈಗ ಗಲ್ಲೆಯಿಂದ ಎದ್ದು ಬಂದು, “ಬ್ಯಾರೆ ಮಾಡಿ ಕೊಡ್ತೇನ್ರಿ ಕಾಕಾ, ಆರಾಮ ಕೂಡ್ರಿ,” ಎಂದ. ಗಟಾರು ದಾಟುವಾಗ ಯಾರೋ ರಟ್ಟೆ ಹಿಡಿದರು. ಹೊಲದ ಬದುವಿನ ಸಲುವಾಗಿ ಹತ್ತು ವರ್ಷದಿಂದ ಬಡಿದಾಡುತ್ತಿದ್ದ ಬಾಜೂ ಹೊಲದವನು, “ಬದು ನಿಮ್ಮದ ತಗೋರಿ,” ಎಂದುಬಿಟ್ಟ.

ಸಿದ್ದಲಿಂಗ ಮನೆಗೆ ಬಂದು ಹೆಂಡತಿಯನ್ನು ಕೇಳಿದ. “ಈ ಊರ ಮಂದಿಗೆ ಏನಾಗೈತಿ? ಬೈದ್ರ ತಿರಗಿ ಬೈಯಂಗಿಲ್ಲ.”

“ಮರ್ಯಾದಿ ಕೊಡಾಕತ್ತಾರ.”

“ನನಗ್ಯಾಕ ಕೊಡ್ತಾರ?”

ಇಂದುಬಾಯಿ ಜೋಳದ ಮೊರ ಎತ್ತಿಕೊಂಡು ಒಳಗೆ ಹೋದಳು.

ಆಗಸ್ಟ್ ಹತ್ತಿರ ಬಂತು. ಸಾಲೆಯ ಧರ್ಮರಾಜ ಮಾಸ್ತರ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮಾತು ಹುಡುಕಿ ಹುಡುಕಿ ಆಡಿದರು.

“ಸಿದ್ದಲಿಂಗಪ್ಪನವರ, ಈ ವರ್ಷ ನೀವು ಮುಂದಿನ ಸಾಲಿನಾಗ ಖುರ್ಚಿ ಮ್ಯಾಲ ಕೂಡ್ರಬೇಕು. ಶಾಲು ಹೊದಿಸ್ತೇವಿ ನಿಮಗ.”

“ಖುರ್ಚಿ ಮ್ಯಾಲ ಕುಂತು ಧ್ವಜ ಹ್ಯಾಂಗ ಕಟ್ಟಲಿ?”

“ಚೇತನ ಕಟ್ಟತಾನ ಬಿಡ್ರಿ.”

“ಅವಗ ಬೂಟಿನ ಲಾಡಿ ನೆಟ್ಟಗ ಕಟ್ಟಾಕ ಬರೂದಿಲ್ಲ.”

“ಕಲೀತಾನ. ನಿಮ್ಮ ಪ್ರಕೃತಿ ಮೊದಲ ನೋಡ್ಕೋರಿ.”

“ನನ್ನ ಪ್ರಕೃತಿಗೆ ಏನಾಗೈತಿ?”

ಮಾಸ್ತರರು ಇಂದುಬಾಯಿಯ ಕಡೆ ನೋಡಿದರು. ಇಂದುಬಾಯಿ ನೆಲ ನೋಡಿದಳು. ಸಿದ್ದಲಿಂಗ ಇಬ್ಬರನ್ನೂ ನೋಡಿದ. ನಬಿಸಾಬನ ಚಹಾ, ಗಟಾರು, ಬದು, ಎಲ್ಲ ಅವನಿಗೆ ಒಮ್ಮೆಲೇ ತಿಳಿಯಿತು.

ಆ ಸಂಜೆ ಊಟದ ಹೊತ್ತಿಗೆ ಅವನು ಕೂಗಾಡಲಿಲ್ಲ. ಅದಕ್ಕೇ ಮನೆಯವರು ಹೆದರಿದರು.

“ಯಾರ ಮೊದಲ ಅಂದ್ರಿ?”

“ನಾ ಅಂದೆ,” ಎಂದ ಚೇತನ. “ನಿನ್ನ ಉಳಸಾಕ ಅಂದೆ. ಬಸು ಠಾಣೆಕ್ಕ ಹೊಂಟಿದ್ದ.”

“ನೀ?” ಹೆಂಡತಿಯ ಕಡೆ ತಿರುಗಿದ.

“ಕೇಳಿದ್ರು. ಹೂಂ ಅಂದೆ,” ಎಂದಳು ಇಂದುಬಾಯಿ. “ಬೇಡಿ ಅಂದ ಕೂಡಲೇ ನನಗ ಕೈಕಾಲ ಆಡಲಿಲ್ಲರಿ.”

“ಠಾಣೆಕ್ಕ ಒಯ್ದಿದ್ರ ನಿಯಮ ಹಿಂಗೈತ್ರೀ ಸಾಹೇಬ್ರ ಅಂತ ಹೇಳತಿದ್ದೆ. ಕಳ್ಳ ಅಂದಿದ್ರ, ಅಲ್ಲ ಅನ್ನತಿದ್ದೆ. ನೀವು ಹುಚ್ಚ ಅಂದ್ರಿ. ನಾ ಹುಚ್ಚಲ್ಲ ಅಂತ ನಾನ ಹೇಳಿದ್ರ ಯಾರ ಕೇಳತಾರ?”

ರೊಟ್ಟಿ ಗಂಗಾಳದಲ್ಲೇ ಇತ್ತು.

“ಈಗ ಏನ ಮಾಡಂತಿ?” ಎಂದ ಚೇತನ.

“ಒಂದ ಮಾತ ಹೇಳು. ಹದಿನೈದಕ್ಕ, ಮೈಕಿನ್ಯಾಗ, ಎಲ್ಲಾರ ಮುಂದ. ಧ್ವಜ ಹರೀಗೊಟ್ಟಾಂವ ನಾನು, ನಮ್ಮಪ್ಪ ನಿಯಮದಂಗ ಸುಟ್ಟಾನ. ಇಷ್ಟ. ಮುಂದ ಬೇಕಾದ್ರ ವರ್ಷಾ ವರ್ಷಾ ನೀನ ಕಟ್ಟು, ನಾ ಬ್ಯಾಡನ್ನೂದಿಲ್ಲ.”

“ಆತು.”

“ಹೇಳ್ತಿ?”

“ಹೇಳ್ತೇನಪಾ. ಉಣ್ಣ ಮೊದಲ.”

ಸಿದ್ದಲಿಂಗ ಉಂಡ. ಕೈ ತೊಳೆದು ಹೊರಗೆ ಹೋದ ಮೇಲೆ ಚೇತನ ಹೆಂಡತಿಗೆ, “ಬಸು ಮುಂದ ಹ್ಯಾಂಗ ಹೇಳಲಿ ಇದನ್ನ? ಮಂಡಳಿಯಾಗ ನನ್ನ ಇಟಗೋತಾನೇನು?” ಎಂದ.

“ಆಗೂದಿಲ್ಲಂದ್ರ ಆಗೂದಿಲ್ಲ ಅನ್ನಬೇಕಿತ್ರಿ. ಹೂಂ ಅಂತ ಯಾಕಂದ್ರಿ?”

“ಉಣ್ಣಲಿ ಅಂತ ಅಂದೆ.”

ಹದಿನಾಲ್ಕಕ್ಕೆ ಸಾಲೆಯ ಧ್ವಜವನ್ನು ಚೇತನನೇ ತಂದ. ಇಂದುಬಾಯಿ ತೊಳೆದು, ಒಣಗಿಸಿ, ಕಂಬಳಿಯ ಮೇಲೆ ಹಾಸಿ ಕೆಂಡದ ತಂಬಿಗೆ ಎಳೆದಳು. ಸಿದ್ದಲಿಂಗ ಕಂಬಳಿಯ ಅಂಚಿಗೆ ಕೂತು ಮಗನನ್ನು ಕರೆದ.

“ಬಾ ಇಲ್ಲಿ. ನೋಡು. ಕೇಸರಿ ಮ್ಯಾಲ ಬರಬೇಕು. ಹಿಂಗ ಮಡಚು. ಹೂವ ನಡಬರಕ ಇಡು, ಒಂದ ಮುಟಿಗಿ ಸಾಕು, ಮದುವಿ ಅಕ್ಕಿಕಾಳ ಅಲ್ಲ ಅವು. ಈಗ ಗಂಟ ಹಾಕು.”

ಚೇತನ ಹಾಕಿದ. ಸಿದ್ದಲಿಂಗ ಜಗ್ಗಿದ. ಬಿಚ್ಚಲಿಲ್ಲ.

“ಇದೇನ ಜೋಳದ ಚೀಲಾನ? ಎಳೀ ಕರಾ ಕಟ್ಟಿದಂಗ ಕಟ್ಟಬೇಕು. ಓಡಬಾರ್ದು, ಕೊಳ್ಳೂ ಬಿಗೀಬಾರ್ದು.”

ಮತ್ತೆ ಹಾಕಿದ. ಈ ಸಲ ಜಗ್ಗುವ ಮೊದಲೇ ಬಿಚ್ಚಿ, ಚೆಂಡುಹೂವಿನ ಎಸಳೆಲ್ಲ ಸಿದ್ದಲಿಂಗನ ತೊಡೆಯ ಮೇಲೆ ಬಿದ್ದವು.

“ನನ್ನ ಮ್ಯಾಲ ಈಗ ಯಾಕ ಹಾಕ್ತಿ? ಸತ್ತ ಮ್ಯಾಲ ಹಾಕೀಯಂತ.”

ಚೇತನ ನಕ್ಕುಬಿಟ್ಟ. ಸಿದ್ದಲಿಂಗನೂ ನಕ್ಕ. ಬೆನ್ನಿಗೆ ಒಂದು ಗುದ್ದು ಹಾಕಿ ಮತ್ತೆ ತೋರಿಸಿದ. ಕಡೆಗೆ ಗಂಟು ಕೂತಿತು. ಅವರಿಬ್ಬರು ಹಾಗೆ ಕೂತದ್ದು ನೋಡಿ ಇಂದುಬಾಯಿಗೆ ಧೈರ್ಯ ಬಂತು.

“ನಾಳಿ ನಾನೂ ಸಾಲಿಗಿ ಬರ್ತೇನಿ ನೋಡಾಕ,” ಎಂದಳು.

“ಹುಗ್ಗಿ ಯಾರ ತಿರವಬೇಕು?”

“ಜ್ಯೋತಿ ತಿರವತಾಳ. ನೀವೂ ಬರ್ರಿ.”

“ನಾ ಮನಿ ಕಟ್ಟಿ ಮ್ಯಾಲ ಕುಂಡ್ರತೇನಿ. ಮೈಕ ಇಲ್ಲೀ ತನಾ ಕೇಳಸತೈತಿ. ಖುರ್ಚಿ ಮ್ಯಾಲ ಕುಂತು ಶಾಲು ಹೊದಸ್ಕೊಳ್ಳಾಕ ನನಗೇನ ಹುಚ್ಚ ಹಿಡದೈತೇನು?”

ಹದಿನೈದರ ಮುಂಜಾನೆ ಅವನು ಇಸ್ತ್ರಿಯ ಬಿಳಿ ಅಂಗಿ, ಟೊಪಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಸಾಲೆಯ ಕಡೆ ಮುಖ ಮಾಡಿ ಕೂತ. ಮೈಕು ಬೇವಿನ ಗಿಡದ ಮೇಲಿನಿಂದ ಒದರುತ್ತಿತ್ತು. ಸೊಸೆ ಚಹಾ ತಂದರೆ, “ಆಮ್ಯಾಲ,” ಎಂದ.

ಸಾಲೆಯಲ್ಲಿ ಇಂದುಬಾಯಿ ಹೆಂಗಸರ ಗುಂಪಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಬಸಂತರಾಯ ಹಗ್ಗ ಜಗ್ಗಿದ. ಗಂಟು ಒಂದೇ ಸಲಕ್ಕೆ ಬಿಚ್ಚಿತು. ಎಸಳು ಉದುರಿದವು, ಧ್ವಜ ಹಾರಿತು. ಇಷ್ಟು ವರ್ಷ ಕೈಯಲ್ಲಿ ತೊಳೆದದ್ದು ಮೇಲೆ ಹೋದರೆ ಅಷ್ಟು ಸಣ್ಣದಾಗಿ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಂದಿ ಚಪ್ಪಾಳೆ ತಟ್ಟಿದರು. ಬಸಂತರಾಯ ಚೇತನನನ್ನು ಮುಂದೆ ಕರೆದು ಹೆಗಲ ಮೇಲೆ ಕೈ ಹಾಕಿದ. ಮಾಸ್ತರರು ಮೈಕು ಕೊಟ್ಟರು.

ಚೇತನ ಗಡಿ ಕಾಯುವವರ ಮಾತಾಡಿದ. ಮುಂದಿನ ವರ್ಷ ಪ್ರತಿ ಮನೆಯ ಮೇಲೂ ಧ್ವಜ ಹಾರಬೇಕು ಎಂದ. ಮತ್ತೆ ಚಪ್ಪಾಳೆ.

“ನಮ್ಮ ತಂದೆಯವರು…” ಎಂದು ನಿಂತ.

ಇಂದುಬಾಯಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಚೇತನ ಮಂದಿಯನ್ನು ನೋಡಿದ. ಬಾಜೂಕೆ ನಿಂತಿದ್ದ ಬಸಂತರಾಯನನ್ನು ನೋಡಿದ. ಹೆಗಲ ಮೇಲೆ ಅವನ ಕೈ ಇನ್ನೂ ಇತ್ತು.

“ನಮ್ಮ ತಂದೆಯವರಿಗೆ ಆರಾಮ ಇಲ್ಲದ್ದಕ್ಕ ಈ ವರ್ಷ ಈ ಸೇವೆ ನನಗ ಸಿಕ್ಕೈತಿ. ಅವರು ಲಗೂನ ಗುಣಾ ಆಗಲಿ ಅಂತ ನೀವೆಲ್ಲಾ ಹಾರೈಸಬೇಕು.”

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಂತು. ಅದು ಓಣಿಯ ತನಕ ಕೇಳಿಸಿತು.

ಭಾಗ್ಯಜ್ಯೋತಿ ಹುಗ್ಗಿಯ ಸೌಟು ಬಿಟ್ಟು ಹೊರಗೆ ಬಂದಳು. ಸಿದ್ದಲಿಂಗ ಎದ್ದು ನಿಂತಿದ್ದ. ಟೊಪಿಗೆ ತೆಗೆದು, ಮಡಿಕೆ ನೆಟ್ಟಗೆ ಮಾಡಿ, ಒಳಗೆ ಬಂದು ಗೂಟಕ್ಕೆ ಹಾಕಿದ.

“ಹುಗ್ಗಿ ಆಗೈತ್ರಿ ಮಾವಾರ. ಉಣ್ಣಬರ್ರಿ.”

“ಏಣಿ ಹೊರಗೈತಿ. ಒಳಗ ಇಡು. ಮಳಿ ಬರೂವಂಗೈತಿ.”

“ನೀವೆಲ್ಲಿಗಿ ಹೊಂಟ್ರಿ?”

“ಇಲ್ಲೇ.”

ಚಪ್ಪಲಿ ಮೆಟ್ಟಿ, ಸಾಲೆಯ ಕಡೆ ಅಲ್ಲ, ಬಸ್ಸು ನಿಲ್ಲುವ ಕಡೆ ನಡೆದ. ಹೊಲಕ್ಕೂ ಅದೇ ದಾರಿ. ಹೊಲಕ್ಕೆ ಹೋದರು ಎಂದುಕೊಂಡು ಅವಳು ಏಣಿ ಒಳಗಿಟ್ಟಳು. ಹುಗ್ಗಿ ತಳ ಹಿಡಿದಿತ್ತು.

ಸಂಜೆ ಮಳೆ ಬಂತು. ಅವನು ಬರಲಿಲ್ಲ. ಸಿಂದಗಿಯಲ್ಲಿ ಹುಡುಕಿದರು, ಇಂಡಿಯಲ್ಲಿ ಹುಡುಕಿದರು. ಲಚ್ಯಾಣದ ಮಠದ ಊಟದ ಸಾಲಿನಲ್ಲಿ ಅಂಥ ಒಬ್ಬ ಮುದುಕನನ್ನು ಕಂಡೆವು ಎಂದು ಯಾರೋ ಹೇಳಿದ್ದಕ್ಕೆ ಇಂದುಬಾಯಿ ಅಲ್ಲಿಗೆ ಹೋಗಿ ಸಾಲು ಎದ್ದು ಹೋಗುವ ತನಕ ಒಬ್ಬೊಬ್ಬರ ಮುಖ ನೋಡಿ ಬಂದಳು. ಭಾಗ್ಯಜ್ಯೋತಿಯ ಅಪ್ಪ ಆಲಮಟ್ಟಿ ಸುತ್ತಮುತ್ತ ಕೇಳಿಸಿದ. ಠಾಣೆಯಲ್ಲಿ ಬರೆದುಕೊಂಡರು. ತಲೆ ಸರಿ ಇರಲಿಲ್ಲವಂತಲ್ಲ ಎಂದು ಪೊಲೀಸರು ಕೇಳಿದಾಗ ಇಂದುಬಾಯಿ, “ಸರಿ ಇತ್ರಿ. ನಮ್ಮವು ಸರಿ ಇದ್ದಿದ್ದಿಲ್ಲ,” ಎಂದಳು.

ಅಪ್ಪ ಮೈಕಿನಲ್ಲಿ ಹೇಳು ಎಂದಿದ್ದ ಆ ಒಂದು ಮಾತನ್ನು ಚೇತನ ಆಮೇಲೆ ಕೇಳಿದವರಿಗೂ ಕೇಳದವರಿಗೂ ಹೇಳಿದ. ಠಾಣೆಯಲ್ಲಿ ಹೇಳಿದ, ನಬಿಸಾಬನ ಅಂಗಡಿಯಲ್ಲಿ ಹೇಳಿದ. ಬಸಂತರಾಯನ ಮನೆಗೆ ಹೋಗಿ, ಧ್ವಜ ಹರಿಯಗೊಟ್ಟವನು ನಾನು ಎಂದು ಹೇಳಿದ. ಬಸಂತರಾಯ ಉಣ್ಣುತ್ತಿದ್ದ. ತುತ್ತು ಕೆಳಗಿಟ್ಟು ಅವನನ್ನು ನೋಡಿದ.

“ಇಷ್ಟ ಏನು? ಇದನ್ನ ಅವತ್ತ ಹೇಳಿದ್ರ ಒಂದೆರಡ ಬೈದು ಬಿಡತಿದ್ದೆನಲ್ಲೋ.”

ಚೇತನ ಮನೆಗೆ ಬಂದ. ಇಂದುಬಾಯಿ ಮೂವರಿಗೆ ಸಾಕಾಗಿ ಒಬ್ಬರದು ಉಳಿಯುವಷ್ಟು ರೊಟ್ಟಿ ಬಡಿದಿದ್ದಳು. ಅವಳು ಹಾಗೆ ಬಡಿಯುವುದನ್ನು ಬಿಡಲಿಲ್ಲ. ಸಿದ್ದಲಿಂಗ ತಿರುಗಿ ಬರಲಿಲ್ಲ.